ಮರದ ಪೆನ್ನಿಗೆ ಎಂಥ ಅಂಟು ಬೇಕು?



ಹಿಂಗಾರಿ ಜೋಳ, ಕಡಲೆ ಕಣದಿಂದ ಮನೆಗೆ ಬಂದ ಮೇಲೆ ಕುಷ್ಟಗಿ, ಯಲಬುರ್ಗಾ ಕಡೆಯ ಮಳೆಯಾಶ್ರಿತ ಊರುಗಳಲ್ಲಿ ಕೈಗೆ ಕೆಲಸ ಕಡಿಮೆ. ಮುಂಗಾರಿನ ಮೊದಲ ಮಳೆ ಬೀಳುವವರೆಗೆ ಮನೆಯ ನೆರಳಿನಲ್ಲಿ ಕುಳಿತು ಮಾಡಬಹುದಾದ ಸಣ್ಣ ಕಸುಬುಗಳಲ್ಲಿ ಮರದ ಪೆನ್ನು ಮಾಡುವುದೂ ಒಂದು. ಅದಕ್ಕೆ ಬೇಕಾದ ಕಟ್ಟಿಗೆ ಗೇಣುದ್ದದ ತುಂಡು ಮಾತ್ರ. ಹೊಲದ ಬದುವಿನಲ್ಲಿ, ಕೆರೆಯಂಗಳದಲ್ಲಿ ಬೇಡವೆಂದರೂ ಬೆಳೆಯುವ ಬಳ್ಳಾರಿ ಜಾಲಿಯೇ ಇದಕ್ಕೆ ಒಳ್ಳೆಯ ಮರ. ಗಟ್ಟಿ, ಕೆಂಗಂದು ಬಣ್ಣ, ಒಣಗುವಾಗ ಕುಗ್ಗುವುದೂ ಕಡಿಮೆ. ಒಳಗಿನ ಹಿತ್ತಾಳೆ ನಳಿಗೆ, ತುದಿ, ಕ್ಲಿಪ್ಪು, ರೀಫಿಲ್ಲು ಇವೆಲ್ಲ ಜೋಡಣೆಯ ಸೆಟ್ಟಾಗಿ ಪೇಟೆಯಲ್ಲಿ ದೊರೆಯುತ್ತವೆ. ಲೇತಿನ ಮೇಲೆ ಮರವನ್ನು ತಿರುಗಿಸಿ ಉಳಿ ಹಿಡಿಯುವ ಕೈ ಹದ ಒಂದೆರಡು ತಿಂಗಳಲ್ಲಿ ಕೂಡಿಬರುತ್ತದೆ. ಆನೆಗುಂದಿ, ಹಂಪಿ ನೋಡಲು ಬರುವ ಜನ ನಮ್ಮ ಬಾಗಿಲ ಮುಂದೆಯೇ ಹಾದುಹೋಗುತ್ತಾರೆ.

ಆದರೆ ಒಂದು ಮಾತು. ಕೊಂಡವರ ಜೇಬಿನಲ್ಲಿ ಎರಡು ತಿಂಗಳಿಗೇ ಮರ ಸಡಿಲಾಗಿ ಹಿತ್ತಾಳೆಯ ಮೇಲೆ ಗರಗರ ತಿರುಗತೊಡಗಿದರೆ, ಇಲ್ಲವೆ ಉದ್ದಕ್ಕೂ ಸೀಳು ಬಿಟ್ಟರೆ, ಅವರು ಮತ್ತೆ ಬರುವುದಿಲ್ಲ. ಮಾಡಿದವನ ಹೆಸರು ಅವರಿಗೆ ನೆನಪಿರುವುದಿಲ್ಲ, ಊರಿನ ಹೆಸರು ನೆನಪಿರುತ್ತದೆ. ಹೀಗೆ ಕೆಟ್ಟ ಪೆನ್ನನ್ನು ಬಿಚ್ಚಿ ನೋಡಿದರೆ ತಪ್ಪು ಬಹುಮಟ್ಟಿಗೆ ಉಳಿಯದ್ದಾಗಿರುವುದಿಲ್ಲ; ಅಂಟಿನದು, ಅಥವಾ ಅಂಟು ಹಚ್ಚುವ ಮೊದಲು ಮರವನ್ನು ಒಣಗಿಸದೆ ಇದ್ದುದರದು. ಈ ಪಾಠದಲ್ಲಿ ಆ ಎರಡನ್ನೇ ವಿಚಾರ ಮಾಡೋಣ.

ಕಿನ್ನಾಳದವರಿಂದ ಕಲಿಯುವುದು

ಅಂಟಿನ ವಿದ್ಯೆ ಕಲಿಯಲು ದೂರ ಹೋಗಬೇಕಾಗಿಲ್ಲ. ಕೊಪ್ಪಳ ತಾಲೂಕಿನ ಕಿನ್ನಾಳದಲ್ಲಿ ಚಿತ್ರಗಾರ ಮನೆತನದವರು ತಲೆತಲಾಂತರದಿಂದ ಕಟ್ಟಿಗೆಯ ದೇವರು, ಗರುಡ, ಕಾಮಧೇನು, ಆಟಿಗೆಗಳನ್ನು ಮಾಡುತ್ತ ಬಂದಿದ್ದಾರೆ. ಹಂಪಿಯ ವಿರೂಪಾಕ್ಷ ಗುಡಿಯ ಮೇಲ್ಛಾವಣಿಯ ಚಿತ್ರಗಳು ಇವರ ಹಿರಿಯರ ಕೈಕೆಲಸವೆಂಬ ಹೇಳಿಕೆಯುಂಟು. ಇಂದು ಕಿನ್ನಾಳದ ಗೊಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ.

ಅವರ ಕೆಲಸವನ್ನು ಗಮನಿಸಿ ನೋಡಿರಿ. ಬೊಂಬೆಯ ಕೈ, ಕಾಲು, ತಲೆಗಳನ್ನು ಹಗುರವಾದ ಮರದಲ್ಲಿ ಬೇರೆ ಬೇರೆ ಕೆತ್ತಿ, ಹುಣಸೆಬೀಜದ ಅಂಟಿನಿಂದ ಕೂಡಿಸುತ್ತಾರೆ. ಸೆಣಬಿನ ಚಿಂದಿಯನ್ನು ನೆನೆಸಿ, ಚೂರು ಮಾಡಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟಿನೊಡನೆ ಅದೇ ಹುಣಸೆ ಅಂಟಿನಲ್ಲಿ ಕಲಸುತ್ತಾರೆ. ಇದಕ್ಕೆ ಕಿಟ್ಟ ಎಂದು ಹೆಸರು. ಕೂಡಿಸಿದ ಬೊಂಬೆಗೆ ಕಿಟ್ಟವನ್ನು ಕೈಯಿಂದ ಮೆತ್ತಿ, ಮೇಲೆ ಹತ್ತಿ ಬಟ್ಟೆಯ ತುಣುಕುಗಳನ್ನು ಅಂಟಿಸಿ, ಅದರ ಮೇಲೆ ಕಲ್ಲಿನ ಪುಡಿಯ ಲೇಪ ಕೊಟ್ಟು, ಆಮೇಲೆ ಬಣ್ಣ. ಮೈಮೇಲಿನ ಒಡವೆ ವಸ್ತ್ರಗಳ ಉಬ್ಬುಗೆಲಸಕ್ಕೂ ಕಲ್ಲಿನ ಪುಡಿ ಮತ್ತು ಅಂಟಿನ ಕಲಸನ್ನೇ ಬಳಸುತ್ತಾರೆ. ಬೊಂಬೆಯ ಸಂದು ಬಿಡದೆ ನಿಲ್ಲುವುದು ಅಂಟೊಂದರಿಂದ ಅಲ್ಲ. ಒಳಗಿನ ಅಂಟು, ಮೇಲಿನ ಕಿಟ್ಟ, ಅದರ ಮೇಲಿನ ಬಟ್ಟೆ, ಮೂರೂ ಒಂದೇ ಜಾತಿಯ ವಸ್ತುಗಳು. ಮರದ ಜೊತೆಗೆ ಅವೂ ಹಿಗ್ಗುತ್ತವೆ, ಮರದ ಜೊತೆಗೆ ಕುಗ್ಗುತ್ತವೆ. ಒಂದನ್ನೊಂದು ಕಿತ್ತೆಳೆಯುವುದಿಲ್ಲ. ಬೊಂಬೆ ಇರುವ ಜಾಗವೂ ಮನೆಯೊಳಗಿನ ಒಣ ಮಾಡ ಅಥವಾ ಜಗಲಿ. ಇಂಥ ಕೆಲಸಕ್ಕೆ ಹುಣಸೆಯ ಅಂಟಿಗಿಂತ ಒಳ್ಳೆಯದನ್ನು ಹುಡುಕಬೇಕಾಗಿಲ್ಲ.

ಈ ಅಂಟನ್ನು ಮಾಡುವ ಬಗೆ ಎಲ್ಲರಿಗೂ ಗೊತ್ತಿದ್ದರೆ ಒಳ್ಳೆಯದು. ಹುಣಸೆಬೀಜವನ್ನು ಬಿಸಿ ಮರಳಿನಲ್ಲಿ ಸಿಪ್ಪೆ ಚಟಪಟ ಎನ್ನುವವರೆಗೆ ಮಾತ್ರ ಹುರಿಯಿರಿ. ಒಳಗಿನ ಬಿಳಿ ಬೇಳೆ ಕಪ್ಪಾಗುವಂತೆ ಹುರಿದರೆ ಅಂಟಿನ ಸತ್ವ ಸುಟ್ಟುಹೋಗುತ್ತದೆ. ಕುಟ್ಟಿ ಸಿಪ್ಪೆ ಕೇರಿ, ಬೇಳೆಯನ್ನು ರಾತ್ರಿಯಿಡೀ ನೆನೆಹಾಕಿ, ಒರಳಿನಲ್ಲಿ ನುಣ್ಣಗೆ ರುಬ್ಬಿರಿ. ಒಂದು ಪಾಲು ಬೇಳೆಗೆ ಎಂಟು ಪಾಲು ನೀರಿನ ಅಂದಾಜಿನಲ್ಲಿ ಆರಂಭಿಸಿ, ಸಣ್ಣ ಉರಿಯ ಮೇಲೆ ಕೈಬಿಡದೆ ತಿರುವುತ್ತಿರಬೇಕು. ಗಂಜಿ ಗಟ್ಟಿಯಾಗಿ, ಸೌಟೆತ್ತಿದರೆ ಎಳೆ ಬಿಡುವಂತಾದಾಗ ಇಳಿಸಿ, ಬಟ್ಟೆಯಲ್ಲಿ ಸೋಸಿರಿ. ಹಿಡಿತಕ್ಕೆ ಕಾರಣ ಬೇಳೆಯಲ್ಲಿರುವ, ಪಿಷ್ಟದ ಹತ್ತಿರದ ಬಂಧುವಾದ ಒಂದು ವಸ್ತು. ನೀರಿನಲ್ಲಿ ಬೆಂದಾಗ ಅದು ಊದಿಕೊಂಡು ಮರದ ಸಣ್ಣ ರಂಧ್ರಗಳಿಗೆ ಇಳಿಯುತ್ತದೆ, ಒಣಗಿದಾಗ ಅಲ್ಲೇ ಬಿಗಿಯುತ್ತದೆ. ನೂಲಿಗೆ ಗಂಜಿ ಹಾಕಲು ಮಗ್ಗದವರು ಬಳಸುವುದೂ ಇದನ್ನೇ. ಆಯಾ ದಿನಕ್ಕೆ ಬೇಕಾದಷ್ಟು ಮಾತ್ರ ಮಾಡಿಕೊಳ್ಳಿರಿ, ಮರುದಿನಕ್ಕೆ ಹುಳಿ ಹಿಡಿಯುತ್ತದೆ. ಕೆಡದಿರಲೆಂದು ಕೆಲವರು ಮೈಲುತುತ್ತ ಸೇರಿಸುವುದುಂಟು. ಅದು ವಿಷ, ಮಕ್ಕಳು ಬಾಯಿಗಿಡುವ ಆಟಿಗೆಯಲ್ಲಿ ಎಂದೂ ಕೂಡದು.

ಇಷ್ಟು ಒಳ್ಳೆಯ ಅಂಟು ಪೆನ್ನಿಗೆ ಏಕೆ ಆಗದು? ಎರಡು ಕಾರಣಗಳು. ಪೆನ್ನಿನಲ್ಲಿ ಮರ ಕೂಡುವುದು ಮರಕ್ಕಲ್ಲ, ಹಿತ್ತಾಳೆಗೆ. ಹಿತ್ತಾಳೆಗೆ ರಂಧ್ರಗಳಿಲ್ಲ, ಅದು ನೀರು ಕುಡಿಯುವುದೂ ಇಲ್ಲ. ಹುಣಸೆಯ ಅಂಟು ಅದರ ಮೇಲೆ ಹೊಪ್ಪಳೆಯಂತೆ ಒಣಗಿ ಕಳಚಿಕೊಳ್ಳುತ್ತದೆ. ಎರಡನೆಯದು ಬೆವರು. ಬೇಸಿಗೆಯಲ್ಲಿ ಅಂಗಿಯ ಜೇಬಿನಲ್ಲಿ, ಕೈಬೆರಳುಗಳ ನಡುವೆ ಇರುವ ವಸ್ತುವಿಗೆ ದಿನವೂ ತೇವ ತಗಲುತ್ತದೆ. ನೀರಿನಲ್ಲಿ ಕರಗಿ ಹುಟ್ಟಿದ ಅಂಟು ನೀರಿನಲ್ಲೇ ಸಡಿಲುತ್ತದೆ. ಜಾಲಿಯ ಗೋಂದಿಗೂ ಇದೇ ದೋಷ. ಅದು ಕಾಗದಕ್ಕೆ ಸರಿ. ಬಡಿಗರು ಹಿಂದೆ ಬಹಳವಾಗಿ ಬಳಸುತ್ತಿದ್ದ ಸರೇಸು, ಅಂದರೆ ಚರ್ಮ ಎಲುಬುಗಳನ್ನು ಕುದಿಸಿ ತೆಗೆದ ಅಂಟು, ಮರಕ್ಕೆ ಮರವನ್ನು ಬಲು ಬಿಗಿಯಾಗಿ ಹಿಡಿಯುತ್ತದೆ. ಆದರೆ ಬಿಸಿ ಮತ್ತು ತೇವ ಎರಡಕ್ಕೂ ಬಿಡುತ್ತದೆ.

ಮರ ಉಸಿರಾಡುತ್ತದೆ, ಹಿತ್ತಾಳೆ ಉಸಿರಾಡುವುದಿಲ್ಲ

ಇದೇ ಈ ಪಾಠದ ತಿರುಳು. ಮರವನ್ನು ಕಡಿದು ಎಷ್ಟು ವರ್ಷವಾದರೂ ಅದು ಗಾಳಿಯ ತೇವವನ್ನು ಹೀರುತ್ತ, ಬಿಡುತ್ತ ಇರುತ್ತದೆ. ತೇವ ಹೀರಿದಾಗ ಅಡ್ಡಗಲಕ್ಕೆ ಉಬ್ಬುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಉದ್ದಕ್ಕೆ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಶ್ರಾವಣದಲ್ಲಿ ಬಿಗಿಯಾಗುವ ಬಾಗಿಲು ಚೈತ್ರದಲ್ಲಿ ಸಡಿಲವಾಗುವುದನ್ನು ನೀವು ಬಲ್ಲಿರಿ. ಪೆನ್ನಿನಲ್ಲಿ ಹಿತ್ತಾಳೆಯ ಸುತ್ತ ಇರುವ ಮರದ ಗೋಡೆ ಒಂದೆರಡು ಮಿಲಿಮೀಟರು ದಪ್ಪ. ಬಂಡಿಯ ಗಾಲಿಗೆ ಹಳಿ ತೊಡಿಸಿದಂತೆ ಅದು ನಳಿಗೆಯನ್ನು ಸುತ್ತಿಕೊಂಡಿರುತ್ತದೆ. ಮರ ಕುಗ್ಗಲು ಹೋದಾಗ ಒಳಗಿನ ಹಿತ್ತಾಳೆ ಕುಗ್ಗಲು ಒಪ್ಪುವುದಿಲ್ಲ. ಆಗ ಮರವೇ ಸೀಳಬೇಕು, ಇಲ್ಲವೆ ನಡುವಿನ ಅಂಟು ಸ್ವಲ್ಪ ಬಾಗಿಕೊಡಬೇಕು.

ನಮ್ಮ ಜಿಲ್ಲೆಯಲ್ಲಿ ಈ ತೊಂದರೆ ಹೆಚ್ಚು. 1953ರಲ್ಲಿ ಮುನಿರಾಬಾದಿನ ಬಳಿ ತುಂಗಭದ್ರಾ ಅಣೆಕಟ್ಟು ಮುಗಿದು, ಎಡದಂಡೆ ಕಾಲುವೆಯ ನೀರು ಹರಿದಲ್ಲಿ ಗಂಗಾವತಿಯ ಕಡೆ ಭತ್ತದ ಗದ್ದೆಗಳಾದವು. ಅಲ್ಲಿ ನೀರು ನಿಂತ ಗದ್ದೆಯ ನಡುವೆ ಇಟ್ಟ ಕಟ್ಟಿಗೆಯೇ ಬೇರೆ, ಕುಷ್ಟಗಿಯ ಎರೆಹೊಲದ ಬಿಸಿಗಾಳಿಯಲ್ಲಿ ಒಣಗಿದ ಕಟ್ಟಿಗೆಯೇ ಬೇರೆ. ಮಳೆಗಾಲದಲ್ಲಿ ಗಂಗಾವತಿಯಲ್ಲಿ ಮಾಡಿದ ಪೆನ್ನು ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಯಲಬುರ್ಗಾಕ್ಕೆ ಬಂದರೆ ಅದರ ಮರ ಕುಗ್ಗಲೇಬೇಕು.

ಆದ್ದರಿಂದ ಅಂಟಿನ ಡಬ್ಬಿ ತೆರೆಯುವ ಮೊದಲು ಮರವನ್ನು ಒಣಗಿಸಿರಿ. ಪೆನ್ನಿನ ಅಳತೆಗೆ ಸ್ವಲ್ಪ ದಪ್ಪವಾಗಿ ಕೊಯ್ದ ತುಂಡುಗಳ ಎರಡೂ ತುದಿಗೆ ಮೇಣ ಬಳಿದು, ನೆರಳಿನಲ್ಲಿ, ಗಾಳಿಯಾಡುವ ಅಟ್ಟದ ಮೇಲೆ ಇಡಿರಿ. ತುದಿಗೆ ಮೇಣವೇಕೆಂದರೆ, ಮರದ ನೀರು ತುದಿಯಿಂದ ಬೇಗ ಹೋಗುತ್ತದೆ, ಬೇಗ ಹೋದ ಕಡೆ ಬಿರುಕು ಬಿಡುತ್ತದೆ. ನೇರ ಬಿಸಿಲಿಗೆ ಇಡಬೇಡಿರಿ. ಒಣಗಿತೋ ಇಲ್ಲವೋ ಎಂದು ಕಣ್ಣಿನಿಂದ ತಿಳಿಯದು, ತಕ್ಕಡಿ ತಿಳಿಸುತ್ತದೆ. ಒಂದು ತುಂಡಿಗೆ ಗುರುತು ಹಾಕಿ ವಾರಕ್ಕೊಮ್ಮೆ ತೂಗಿ ಬರೆದಿಡಿರಿ. ಅಕ್ಕಸಾಲಿಗರ ತಕ್ಕಡಿಯಾದರೆ ಉತ್ತಮ. ತೂಕ ಇಳಿಯುವುದು ನಿಂತು ಎರಡು ಮೂರು ವಾರ ಹಾಗೇ ಇದ್ದರೆ ಮರ ಹದಕ್ಕೆ ಬಂತೆಂದು ತಿಳಿಯಿರಿ. ಹಸಿ ಕಟ್ಟಿಗೆಗೆ ಎಷ್ಟೇ ದುಬಾರಿಯ ಅಂಟು ಹಾಕಿದರೂ ಅದು ಹಣಕ್ಕೆ ಕೇಡು.

ಪೇಟೆಯ ಅಂಟುಗಳು

ಅಂಗಡಿಯಲ್ಲಿ ಸಿಗುವ ಅಂಟುಗಳಲ್ಲಿ ಬಡಿಗರ ಬಿಳಿ ಅಂಟು ಎಲ್ಲರಿಗೂ ಪರಿಚಿತ. 1959ರಲ್ಲಿ ಫೆವಿಕಾಲ್ ಬಂದ ಮೇಲೆ ಸರೇಸನ್ನು ಕಾಸುವ ಕಷ್ಟ ತಪ್ಪಿತು. ಮರಕ್ಕೆ ಮರ ಕೂಡಿಸಲು, ಪೆನ್ನಿಡುವ ಪೆಟ್ಟಿಗೆ ಮಾಡಲು ಇದೇ ಸಾಕು. ಆದರೆ ಇದರಲ್ಲಿಯೂ ನೀರಿದೆ. ಆ ನೀರು ಮರದೊಳಕ್ಕೆ ಇಂಗಿದಾಗಲೇ ಇದು ಹಿಡಿಯುತ್ತದೆ. ಹಿತ್ತಾಳೆ ನಳಿಗೆಗೆ ಹಚ್ಚಿದರೆ ನೀರೆಲ್ಲ ತೆಳುವಾದ ಮರದ ಗೋಡೆಗೆ ಇಳಿದು ಮರ ಉಬ್ಬುತ್ತದೆ, ಹಿತ್ತಾಳೆಯ ಮೇಲೆ ಹಿಡಿತವೂ ನಿಲ್ಲದು. ಪೆನ್ನಿಗೆ ಬೇಡ.

ಚಣದಲ್ಲಿ ಹಿಡಿಯುವ ಅಂಟನ್ನು, ಫೆವಿಕ್ವಿಕ್ ಮೊದಲಾದ ಹೆಸರಿನಲ್ಲಿ ಸಿಗುವುದನ್ನು, ಕೂಡಲೇ ಕೆಲಸ ಮುಗಿಯುತ್ತದೆಂದು ಹಲವರು ಪೆನ್ನಿಗೆ ಬಳಸುತ್ತಾರೆ. ಅಮೆರಿಕದ ಹ್ಯಾರಿ ಕೂವರ್ ಮತ್ತು ಜೊತೆಯವರು 1942ರಲ್ಲಿ ಬಂದೂಕಿನ ಗುರಿಗಾಜಿಗೆ ಪಾರದರ್ಶಕ ವಸ್ತು ಹುಡುಕುವಾಗ ಇದನ್ನು ಕಂಡರು. ಮುಟ್ಟಿದ್ದಕ್ಕೆಲ್ಲ ಅಂಟುತ್ತದೆಂದು ಬೇಸತ್ತು ಬಿಟ್ಟರು. ಆ ಗುಣವೇ ಬೆಲೆಯುಳ್ಳದ್ದೆಂದು ತಿಳಿದು 1958ರಲ್ಲಿ ಅದು ಮಾರಾಟಕ್ಕೆ ಬಂದಿತು. ಗಾಳಿಯಲ್ಲಿರುವ, ವಸ್ತುವಿನ ಮೇಲಿರುವ ತೇವದ ಸೂಕ್ಷ್ಮ ಅಂಶವೇ ಅದನ್ನು ಗಟ್ಟಿ ಮಾಡುವುದು. ಪೆನ್ನಿಗೆ ಇದರ ತೊಂದರೆಗಳು ಮೂರು. ನಳಿಗೆ ಅರ್ಧ ಒಳಗೆ ಹೋಗುವಷ್ಟರಲ್ಲಿ ಹಿಡಿದುಬಿಟ್ಟರೆ ಮುಂದೆಯೂ ಹೋಗದು, ಹಿಂದೆಯೂ ಬಾರದು. ಆ ತುಂಡು ಒಲೆಗೆ. ನಳಿಗೆಗೂ ಮರಕ್ಕೂ ನಡುವೆ ಸಂದಿ ಇದ್ದರೆ ತುಂಬಿಕೊಳ್ಳಲಾರದು. ಎಲ್ಲಕ್ಕಿಂತ ಮುಖ್ಯವಾಗಿ, ಒಣಗಿದ ಮೇಲೆ ಗಾಜಿನಂತೆ ಪೆಡಸು. ಬಾಗಿಕೊಡುವುದಿಲ್ಲ, ಒಡೆಯುತ್ತದೆ. ಪೆನ್ನು ಕಲ್ಲು ನೆಲದ ಮೇಲೆ ಒಮ್ಮೆ ಬಿದ್ದರೆ ಸಾಕು. ಆದರೂ ಈ ಅಂಟನ್ನು ಪೂರ್ತಿ ದೂರ ಇಡಬೇಕಾಗಿಲ್ಲ. ಕಡೆಯುವಾಗ ಮರದಲ್ಲಿ ಕೂದಲೆಳೆಯ ಸೀಳು ಕಂಡರೆ ಅದರೊಳಕ್ಕೆ ಒಂದು ತೊಟ್ಟು ಬಿಡಲು ಇದಕ್ಕಿಂತ ತಕ್ಕದ್ದು ಬೇರಿಲ್ಲ. ಒಂದು ಎಚ್ಚರಿಕೆ: ಹತ್ತಿ ಬಟ್ಟೆಯ ಮೇಲೆ ಇದು ಹೆಚ್ಚಾಗಿ ಚೆಲ್ಲಿದರೆ ಕಾವೇರಿ ಚರ್ಮ ಸುಡುವಷ್ಟು ಬಿಸಿಯಾಗುತ್ತದೆ. ಧೋತರದ ಮೇಲೆ ಇಟ್ಟುಕೊಂಡು ಬಳಸಬೇಡಿರಿ. ಬೆರಳುಗಳು ಅಂಟಿಕೊಂಡರೆ ಜಗ್ಗದೆ, ಉಗುರುಬೆಚ್ಚನೆಯ ಸೋಪಿನ ನೀರಿನಲ್ಲಿ ನೆನೆಸಿ ಮೆಲ್ಲಗೆ ಬಿಡಿಸಿಕೊಳ್ಳಿರಿ. ಕಣ್ಣಿಗೆ ಸಿಡಿದರೆ ತಡಮಾಡದೆ ದವಾಖಾನೆಗೆ ಹೋಗಬೇಕು.

ನಮ್ಮ ಅಭಿಪ್ರಾಯದಲ್ಲಿ ಪೆನ್ನಿಗೆ ಸರಿಯಾದದ್ದು ಎರಡು ಕೊಳವೆಗಳಲ್ಲಿ ಬರುವ ಎಪಾಕ್ಸಿ ಅಂಟು. ಅರಾಲ್ಡೈಟ್ ಎಂಬ ಹೆಸರಿನಲ್ಲಿ ಬಹುಮಂದಿ ಇದನ್ನು ಬಲ್ಲರು. ಒಂದರಲ್ಲಿ ರಾಳ, ಇನ್ನೊಂದರಲ್ಲಿ ಅದನ್ನು ಗಟ್ಟಿಮಾಡುವ ವಸ್ತು. ಇದರಲ್ಲಿ ನೀರಿಲ್ಲ. ಒಣಗುವುದರಿಂದಲ್ಲ, ಎರಡೂ ಒಂದರೊಡನೊಂದು ಕೂಡಿ ಬೇರೊಂದು ವಸ್ತುವಾಗುವುದರಿಂದ ಇದು ಗಟ್ಟಿಯಾಗುತ್ತದೆ. ಆದ್ದರಿಂದ ಕುಗ್ಗುವುದು ಅತ್ಯಲ್ಪ, ಸಂದಿಯನ್ನು ತುಂಬುತ್ತದೆ, ಮರವನ್ನೂ ಲೋಹವನ್ನೂ ಸಮನಾಗಿ ಹಿಡಿಯುತ್ತದೆ, ಬೆವರಿಗೆ ಹೆದರುವುದಿಲ್ಲ. ಐದು ನಿಮಿಷದಲ್ಲಿ ಹಿಡಿಯುವ ಬಗೆ ಬೇರೆ, ರಾತ್ರಿಯಿಡೀ ತೆಗೆದುಕೊಳ್ಳುವ ಬಗೆ ಬೇರೆ. ಅವಸರವಿಲ್ಲದವರು ನಿಧಾನದ್ದನ್ನೇ ಕೊಳ್ಳಿರಿ. ಅದು ಹೆಚ್ಚು ಗಟ್ಟಿ. ನಮ್ಮ ಬೇಸಿಗೆಯ ಸೆಕೆಯಲ್ಲಿ ಐದು ನಿಮಿಷದ್ದು ಕಲಸುವ ಕಡ್ಡಿಯಲ್ಲೇ ಗಟ್ಟಿಯಾಗುವುದೂ ಉಂಟು.

ಕಲಸುವಾಗ ಎರಡನ್ನೂ ಪೆಟ್ಟಿಗೆಯ ಮೇಲೆ ಬರೆದ ಪ್ರಮಾಣದಲ್ಲೇ ತೆಗೆದುಕೊಳ್ಳಬೇಕು, ಸಾಮಾನ್ಯವಾಗಿ ಸಮಸಮ. ಗಟ್ಟಿಮಾಡುವ ವಸ್ತುವನ್ನು ಹೆಚ್ಚು ಹಾಕಿದರೆ ಬೇಗ ಹಿಡಿಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ಹೊಲಕ್ಕೆ ಯೂರಿಯಾ ಎರಡು ಪಟ್ಟು ಸುರಿದವನ ಪೈರಿನಂತೆ ಅದು ಮೆತ್ತಗೇ ಉಳಿಯುತ್ತದೆ. ಒಂದು ಪೆನ್ನಿಗೆ ಒಂದೊಂದು ಕೊಳವೆಯಿಂದ ಕಡಲೆಕಾಳಿನಷ್ಟು ಸಾಕು. ಒಮ್ಮೆಗೆ ಹೆಚ್ಚು ಕಲಸಿದರೆ ತನ್ನಷ್ಟಕ್ಕೆ ಬಿಸಿಯೇರಿ ಬೇಗ ಗಟ್ಟಿಯಾಗುತ್ತದೆ. ಬರಿಗೈಯಿಂದ ಮುಟ್ಟಬೇಡಿರಿ. ಇಂದು ಏನೂ ಆಗದಿದ್ದರೂ ಪದೇ ಪದೇ ತಗಲಿದರೆ ಚರ್ಮಕ್ಕೆ ಅಲರ್ಜಿ ಹತ್ತುತ್ತದೆ, ಹತ್ತಿದರೆ ಮತ್ತೆ ಬಿಡುವುದು ಕಷ್ಟ.

ಅಂಟಿಸುವ ಬಗೆ

ಹೊಳೆಯುವ ಹಿತ್ತಾಳೆಗೆ ಯಾವ ಅಂಟೂ ಚೆನ್ನಾಗಿ ಹಿಡಿಯದು. ಅದನ್ನು ಉಸುಕುಕಾಗದದಿಂದ ಹೊಳಪು ಹೋಗುವವರೆಗೆ ಅಡ್ಡ ಉದ್ದ ತಿಕ್ಕಿ, ಸ್ಪಿರಿಟ್ಟಿನಿಂದ ಒರೆಸಿರಿ. ತಿಕ್ಕಿದ ಮೇಲೆ ಬೆರಳಿನಿಂದ ಮುಟ್ಟಿದರೆ ಬೆರಳಿನ ಜಿಡ್ಡು ಮತ್ತೆ ಹತ್ತುತ್ತದೆ, ಕಡ್ಡಿಗೆ ಸಿಕ್ಕಿಸಿ ಹಿಡಿಯಿರಿ. ತೇಗದಂಥ ಎಣ್ಣೆಯುಳ್ಳ ಮರವಾದರೆ ರಂಧ್ರದ ಒಳಗೂ ಸ್ಪಿರಿಟ್ಟಿನ ಬಟ್ಟೆ ಆಡಿಸಬೇಕು. ರಂಧ್ರದ ಹೊಟ್ಟನ್ನು ಊದಿ ತೆಗೆಯಿರಿ. ನಳಿಗೆ ಹೆಬ್ಬೆರಳಿನ ಒತ್ತಿಗೆ ಸರಾಗವಾಗಿ ಜಾರುವಷ್ಟು ಸಡಿಲವಿರಬೇಕು. ಬಡಿದು ತೂರಿಸುವಷ್ಟು ಬಿಗಿಯಾದರೆ ಅಂಟೆಲ್ಲ ಬಾಯಲ್ಲೇ ಉಜ್ಜಿಹೋಗಿ ಒಳಗೆ ಏನೂ ಉಳಿಯದು. ನಳಿಗೆಯ ಬಾಯಿಗಳನ್ನು ಮೇಣದಿಂದ ಮುಚ್ಚಿರಿ. ಇಲ್ಲವಾದರೆ ಅಂಟು ಒಳಕ್ಕೆ ಹೋಗಿ ರೀಫಿಲ್ಲು ಇಳಿಯದು. ಮೇಣ ಸಿಗದಿದ್ದರೆ ಆಲೂಗಡ್ಡೆಯ ಬಿಲ್ಲೆಗೆ ನಳಿಗೆಯನ್ನು ಒತ್ತಿದರೂ ಬಾಯಿ ಮುಚ್ಚುತ್ತದೆ. ನಳಿಗೆಗೂ ರಂಧ್ರದ ಒಳಮೈಗೂ ಅಂಟು ಹಚ್ಚಿ, ತಿರುವುತ್ತ ಒಳಕ್ಕೆ ಸರಿಸಿ, ಒಮ್ಮೆ ಹಿಂದಕ್ಕೆ ಎಳೆದು ಮತ್ತೆ ಸರಿಸಿರಿ. ಇಡೀ ಒಂದು ಹಗಲು ರಾತ್ರಿ ಮುಟ್ಟಬೇಡಿರಿ.

ಕಡೆಯುವಾಗ ಕಾವಿನ ಬಗ್ಗೆ ಎಚ್ಚರವಿರಲಿ. ಸಾಮಾನ್ಯ ಎಪಾಕ್ಸಿ ಕೈಗೆ ಸುಡುವಷ್ಟು ಬಿಸಿಯಾದರೆ ಮೆತ್ತಗಾಗುತ್ತದೆ. ಉಸುಕುಕಾಗದವನ್ನು ಒತ್ತಿ ಹಿಡಿದು ಬಹಳ ಹೊತ್ತು ತಿಕ್ಕಿದರೆ ಹಿತ್ತಾಳೆ ಕಾದು ಅಂಟು ಸಡಿಲುತ್ತದೆ. ಚನ್ನಪಟ್ಟಣದ ಕುಶಲಿಗರಂತೆ ತಿರುಗುವ ಮರಕ್ಕೆ ಅರಗಿನ ಬಣ್ಣದ ಕಡ್ಡಿ ಒತ್ತಿ ಹೊಳಪು ಕೊಡುವವರಿಗೂ ಇದೇ ಮಾತು. ಅರಗು ಕರಗುವುದು ತಿಕ್ಕಾಟದ ಕಾವಿನಿಂದಲೇ. ಗಳಿಗೆ ಗಳಿಗೆಗೆ ನಿಲ್ಲಿಸಿ, ಆರಿಸಿ, ಮತ್ತೆ ಹಚ್ಚಿರಿ. ಬಳ್ಳಾರಿ ಜಾಲಿಯ ಹೊಟ್ಟು ಮೂಗಿಗೆ ಹೋಗದಂತೆ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳುವುದು ಕಡ್ಡಾಯ.

ಅರಗಿನ ಮಾತು ಬಂದುದರಿಂದ ಕುಡುಗೋಲಿನ ಹಿಡಿಯ ವಿಷಯವನ್ನೂ ಹೇಳಿಬಿಡೋಣ. ಅದೂ ಮರದೊಳಗೆ ಲೋಹವೇ. ಹಿಡಿಯ ತೂತಿಗೆ ಅರಗಿನ ಪುಡಿ ತುಂಬಿ, ಕಬ್ಬಿಣದ ಬಾಲವನ್ನು ಕಾಯಿಸಿ ಇಳಿಸುವ ಹಳೆಯ ಪದ್ಧತಿ ತಿಳಿವಳಿಕೆಯದು: ಬಿಡಿಸಬೇಕಾದಾಗ ಮತ್ತೆ ಕಾಯಿಸಿದರಾಯಿತು. ಆದರೆ ಬೇಸಿಗೆಯಲ್ಲಿ ಬದುವಿನ ಕಲ್ಲಿನ ಮೇಲೆ ಕಾದ ಕುಡುಗೋಲಿನಲ್ಲಿ ಅರಗು ಮೆತ್ತಗಾಗಿ ಅಲಗು ಕಳಚಿದರೆ ಕೊಯ್ಯುವವರ ಕಾಲಿಗೆ ಅಪಾಯ. ಕೆಲಸ ಆರಂಭಿಸುವ ಮೊದಲು ಹಿಡಿಯನ್ನು ಜಗ್ಗಿ ನೋಡಿರಿ. ಕೊಡಲಿಯ ಕಾವಿಗಂತೂ ಅಂಟನ್ನು ನಂಬಲೇಬಾರದು, ಅಲ್ಲಿ ಬೆಣೆಯೇ ಗತಿ.

ಹೊಸ ಅಂಟನ್ನೋ ಹೊಸ ಮರವನ್ನೋ ತಂದಾಗ ಮಾರುವ ಮೊದಲು ಪರೀಕ್ಷೆ ಮಾಡಿರಿ. ಮೂರು ತುಂಡುಗಳಿಗೆ ನಳಿಗೆ ಅಂಟಿಸಿರಿ. ಒಂದನ್ನು ನೀರಿನ ಗಡಿಗೆಯ ಪಕ್ಕದ ತಂಪಿನಲ್ಲಿ ಒಂದು ವಾರ, ಇನ್ನೊಂದನ್ನು ತಗಡಿನ ಮಾಡಿನ ಮೇಲೆ ಬಿಸಿಲಿಗೆ ಒಂದು ವಾರ ಇಟ್ಟು, ಮೂರನೆಯದನ್ನು ಮನೆಯೊಳಗೆ ಇರಿಸಿರಿ. ಆಮೇಲೆ ಮೂರನ್ನೂ ಉಳಿಯಿಂದ ಉದ್ದಕ್ಕೆ ಸೀಳಿರಿ. ಹಿತ್ತಾಳೆ ಬರಿದಾಗಿ ಅಂಟೆಲ್ಲ ಮರದ ಕಡೆ ಉಳಿದಿದ್ದರೆ ನೀವು ಹಿತ್ತಾಳೆಯನ್ನು ಸರಿಯಾಗಿ ತಿಕ್ಕಿಲ್ಲ. ಅಂಟೆಲ್ಲ ಹಿತ್ತಾಳೆಯ ಮೇಲಿದ್ದು ಮರ ನುಣುಪಾಗಿ ಬಿಟ್ಟಿದ್ದರೆ ಮರದಲ್ಲಿ ಎಣ್ಣೆ, ಹೊಟ್ಟು ಅಥವಾ ಹಸಿ ಇತ್ತು. ಹಿತ್ತಾಳೆಯ ಮೇಲೆ ಮರದ ನಾರುಗಳು ಕಿತ್ತುಬಂದು ಅಂಟಿಕೊಂಡಿದ್ದರೆ ಆ ಅಂಟು, ಆ ಮರ, ನಿಮ್ಮ ಕೈ ಮೂರೂ ಸರಿಯಾಗಿವೆ.

ಮಳೆಗಾಲದಲ್ಲಿ ಮಾಡಿದ ಪೆನ್ನುಗಳಲ್ಲಿ ಒಂದನ್ನು ಮಾರದೆ, ತಾರೀಖು ಮತ್ತು ಅಂಟಿನ ಹೆಸರು ಬರೆದ ಚೀಟಿ ಸುತ್ತಿ ಮಾಡದಲ್ಲಿ ಇಡಿರಿ. ಯುಗಾದಿ ಕಳೆದ ಮೇಲೆ ತೆಗೆದು, ಮರವನ್ನು ಒಂದು ಕೈಯಲ್ಲೂ ತುದಿಯನ್ನು ಇನ್ನೊಂದು ಕೈಯಲ್ಲೂ ಹಿಡಿದು ತಿರುವಿ ನೋಡಿರಿ.